ಬಡಗಿಯ ಎಡಗೈಗೆ ಎಷ್ಟು ಬೆಲೆ?

ಬಡಗಿ ಕೆಲಸ ಮಾಡುವುದನ್ನು ಹತ್ತಿರ ಕೂತು ನೋಡಿ. ಕೊಡತಿ ಎತ್ತಿ ಹೊಡೆಯುವುದು ಬಲಗೈ. ಉಳಿಯನ್ನು ಗೆರೆಯ ಮೇಲೆ ಅಲುಗದಂತೆ ಹಿಡಿಯುವುದು ಎಡಗೈ. ಅದಿಲ್ಲದಿದ್ದರೆ ಬಲಗೈಯ ಪೆಟ್ಟು ವ್ಯರ್ಥ.

1968ರಲ್ಲಿ ಒಡಿಶಾದ ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದ. ಎಡಗೈಯನ್ನು ಮೊಣಕೈವರೆಗೆ ಕತ್ತರಿಸಬೇಕಾಯಿತು. ‘ಇದು ಭಾಗಶಃ ಅಂಗವೈಕಲ್ಯವಷ್ಟೇ’ ಎಂದು ಮಾಲೀಕ ವಾದಿಸಿದ. ಅವನ ಕೈಯಲ್ಲಿ ಕಾನೂನಿನದೇ ಪಟ್ಟಿಯಿತ್ತು.

ಆ ಪಟ್ಟಿ ಬಂದದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯಿಂದ. ಯಾವ ಅಂಗ ಹೋದರೆ ದುಡಿಮೆಯ ಶಕ್ತಿ ಎಷ್ಟು ಕುಗ್ಗುತ್ತದೆ ಎಂದು ಅದರ ಪರಿಶಿಷ್ಟ ಲೆಕ್ಕ ಕಟ್ಟಿತ್ತು. ತಿದ್ದುಪಡಿಗಳಾದ ಮೇಲೆ ಹೆಬ್ಬೆರಳಿಗೆ ಶೇ 30, ತೋರುಬೆರಳಿಗೆ ಶೇ 14, ಎರಡೂ ಕೈಗೆ ಶೇ 100. ಆದರೆ 1975ರಲ್ಲಿ ಸುಪ್ರೀಂ ಕೋರ್ಟ್ ಪಟ್ಟಿಯಾಚೆ ನೋಡಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲ, ಆದ್ದರಿಂದ ನಷ್ಟ ಪೂರ್ಣ ಎಂದಿತು. 2010ರಲ್ಲಿ ರಸ್ತೆ ಅಪಘಾತದ ಪ್ರಕರಣವೊಂದರಲ್ಲೂ ಇದೇ ಮಾತು ಬಂತು: ಎಡಗೈ ಹೋದರೆ ಚಾಲಕನ ದುಡಿಮೆಯೇ ನಿಲ್ಲಬಹುದು, ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು.

ನಾವು ಹಣ ಕೊಟ್ಟು ಕೊಳ್ಳುವ ವೈಯಕ್ತಿಕ ಅಪಘಾತ ಪಾಲಿಸಿಯ ಒಳಪುಟದಲ್ಲೂ ಅಂಥದೇ ಪಟ್ಟಿ ಇರುತ್ತದೆ. ಅದು ಒಪ್ಪಂದ. ಸಾಮಾನ್ಯವಾಗಿ ಅದು ಅಂಗವನ್ನು ಅಳೆಯುತ್ತದೆ, ಕಸುಬನ್ನಲ್ಲ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನೇ ನೋಡಿ. 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ ಕಂತು. ಎರಡೂ ಕೈ ಹೋದರೆ 2 ಲಕ್ಷ, ಒಂದು ಕೈ ಹೋದರೆ 1 ಲಕ್ಷ. ಬಡವರಿಗೆ ಇದು ದೊಡ್ಡ ಆಸರೆಯೇ. ಆದರೆ ದರ್ಜಿಯೊಬ್ಬರ ಹೆಬ್ಬೆರಳು ಮಾತ್ರ ಹೋದರೆ ಇದರಲ್ಲಿ ಪರಿಹಾರವಿಲ್ಲ.

ಹಾಗಾಗಿ ಸಹಿ ಹಾಕುವ ಮುನ್ನ ಏಜೆಂಟರನ್ನು ಕೂರಿಸಿಕೊಂಡು ಕೇಳಿ. ‘ಶಾಶ್ವತ ಪೂರ್ಣ ಅಂಗವೈಕಲ್ಯ’ ಎಂದರೆ ನನ್ನ ಕಸುಬು ಮಾಡಲಾಗದಿರುವುದೋ, ಯಾವ ಕೆಲಸವನ್ನೂ ಮಾಡಲಾಗದಿರುವುದೋ? ಬೆರಳಿಗೆ ಶೇಕಡಾ ಎಷ್ಟು? ಮೂಳೆ ಮುರಿದು ಮೂರು ತಿಂಗಳು ಮಲಗಿದರೆ ವಾರದ ಭತ್ಯೆ ಸಿಗುತ್ತದೆಯೇ, ಎಷ್ಟು ವಾರ? ಪಾರ್ಶ್ವವಾಯು ಬಡಿದರೆ? ಅಪಘಾತಕ್ಕಷ್ಟೇ ಇರುವ ಪಾಲಿಸಿ ಕಾಯಿಲೆಯಿಂದ ಬಂದ ಊನಕ್ಕೆ ಹಣ ಕೊಡುವುದಿಲ್ಲ.

ಉತ್ತರಗಳನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಪಾಲಿಸಿಯ ಪುಟದಲ್ಲೇ ಬೆರಳಿಟ್ಟು ತೋರಿಸಲು ಹೇಳಿ. ಆ ಬಡಗಿಯ ಪರವಾಗಿ ನ್ಯಾಯಾಲಯ ಕೇಳಿದ ಪ್ರಶ್ನೆಯನ್ನು ನಿಮ್ಮ ಪರವಾಗಿ ಮೊದಲು ಕೇಳಬೇಕಾದವರು ನೀವೇ: ನನ್ನ ಮನೆಯ ಅನ್ನ ಯಾವ ಕೈಯಿಂದ ಬರುತ್ತಿದೆ?