ಗಡಿಯಾಚೆಯ ಎಂಜಿನಿಯರಿಂಗ್ ಪದವಿ: ವಾಷಿಂಗ್ಟನ್ ಒಪ್ಪಂದದ ವ್ಯಾಪ್ತಿ ಮತ್ತು ಮಿತಿ

ಒಂದು ದೇಶದಲ್ಲಿ ಪಡೆದ ಎಂಜಿನಿಯರಿಂಗ್ ಪದವಿಗೆ ಮತ್ತೊಂದು ದೇಶದಲ್ಲಿ ಯಾವ ಬೆಲೆ ದೊರೆಯುತ್ತದೆ ಎಂಬ ಪ್ರಶ್ನೆಯನ್ನು ಚರ್ಚಿಸುವಾಗ ಕನ್ನಡದಲ್ಲಿ ಒಂದು ತೊಡಕು ಎದುರಾಗುತ್ತದೆ. ಕಾಲೇಜು ತೆರೆಯಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ನೀಡುವ ಒಪ್ಪಿಗೆ, ಪಠ್ಯಕ್ರಮದ ಗುಣಮಟ್ಟವನ್ನು ಪರೀಕ್ಷಿಸಿ ರಾಷ್ಟ್ರೀಯ ಮೌಲ್ಯಾಂಕನ ಮಂಡಳಿ (ಎನ್‌ಬಿಎ) ನೀಡುವ ಪ್ರಮಾಣಪತ್ರ, ವಿದೇಶವೊಂದು ಪದವಿಯನ್ನು ಅಂಗೀಕರಿಸುವುದು, ಈ ಮೂರನ್ನೂ ನಾವು ‘ಮಾನ್ಯತೆ’ ಎಂಬ ಒಂದೇ ಪದದಿಂದ ಕರೆಯುತ್ತೇವೆ. ಪ್ರಸ್ತುತ ಲೇಖನದಲ್ಲಿ ಇವನ್ನು ಕ್ರಮವಾಗಿ ಅನುಮೋದನೆ, ಮೌಲ್ಯಾಂಕನ, ಮನ್ನಣೆ ಎಂದು ಬೇರ್ಪಡಿಸಲಾಗಿದೆ. ವೃತ್ತಿ ನಡೆಸಲು ಬೇಕಾಗುವ ಪರವಾನಗಿಯು ನಾಲ್ಕನೆಯದು. ಅದು ಇವು ಮೂರಕ್ಕೂ ಹೊರತಾದುದು.

1989ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ಐರ್ಲೆಂಡ್ ದೇಶಗಳ ಮೌಲ್ಯಾಂಕನ ಸಂಸ್ಥೆಗಳು ಮಾಡಿಕೊಂಡ ಒಡಂಬಡಿಕೆಯೇ ವಾಷಿಂಗ್ಟನ್ ಒಪ್ಪಂದ. ಇದು ಸರ್ಕಾರಗಳ ನಡುವಣ ಕರಾರಲ್ಲ ಎಂಬುದನ್ನು ಮೊದಲಿಗೇ ಗಮನಿಸಬೇಕು. ಒಂದು ಸಂಸ್ಥೆ ಮೌಲ್ಯಾಂಕನ ಮಾಡಿದ ಎಂಜಿನಿಯರಿಂಗ್ ಪದವಿ ಶಿಕ್ಷಣವು ತನ್ನ ದೇಶದ ಅಂಥದೇ ಶಿಕ್ಷಣಕ್ಕೆ ಸಾರದಲ್ಲಿ ಸಮಾನವೆಂದು ಉಳಿದವು ಒಪ್ಪುತ್ತವೆ. ಭಾರತದ ಎನ್‌ಬಿಎ 1994ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅಂಗವಾಗಿ ಆರಂಭವಾಯಿತು. 2007ರಲ್ಲಿ ಅದಕ್ಕೆ ಒಪ್ಪಂದದ ತಾತ್ಕಾಲಿಕ ಸದಸ್ಯತ್ವ ದೊರೆಯಿತು. 2010ರಲ್ಲಿ ಸ್ವಾಯತ್ತ ಸಂಸ್ಥೆಯಾದ ಮಂಡಳಿಯು 2014ರ ಜೂನ್ 13ರಂದು ಪೂರ್ಣ ಸದಸ್ಯನಾಯಿತು.

ಅಂದು ‘ಇನ್ನು ಭಾರತದ ಪದವಿ ವಿಶ್ವದೆಲ್ಲೆಡೆ ಸಲ್ಲುತ್ತದೆ’ ಎಂಬ ಭಾವನೆ ಹರಡಿದ್ದು ಸಹಜವಾದರೂ ಸರಿಯಲ್ಲ. ಮೌಲ್ಯಾಂಕನವು ಕಾಲೇಜಿಗೆ ಸಲ್ಲುವುದಿಲ್ಲ, ಅಲ್ಲಿನ ಒಂದೊಂದು ವಿಭಾಗದ ಪದವಿ ಶಿಕ್ಷಣಕ್ಕೆ, ಅದೂ ನಿಗದಿತ ವರ್ಷಗಳ ಮಟ್ಟಿಗೆ ಸಲ್ಲುತ್ತದೆ. ಒಂದೇ ಕಟ್ಟಡದಲ್ಲಿ ಓದಿದ ಸಿವಿಲ್ ಪದವೀಧರನಿಗೆ ಮನ್ನಣೆ ದೊರೆತು ಮೆಕ್ಯಾನಿಕಲ್ ಪದವೀಧರನಿಗೆ ದೊರೆಯದಿರಬಹುದು. ಮಂಡಳಿಯು ಸಂಸ್ಥೆಗಳನ್ನು ಎರಡು ಶ್ರೇಣಿಗಳಾಗಿ ವಿಂಗಡಿಸಿದೆ. ಪಠ್ಯಕ್ರಮವನ್ನು ತಾವೇ ರೂಪಿಸುವ ವಿಶ್ವವಿದ್ಯಾಲಯ ವಿಭಾಗಗಳು ಹಾಗೂ ಸ್ವಾಯತ್ತ ಕಾಲೇಜುಗಳು ಮೊದಲನೆಯದರಲ್ಲಿವೆ. ಒಪ್ಪಂದದ ಮನ್ನಣೆ ಈ ಶ್ರೇಣಿಗೆ ಮಾತ್ರ. ಕರ್ನಾಟಕದ ಮಟ್ಟಿಗೆ ಈ ಭೇದ ಚಿಕ್ಕದಲ್ಲ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯವನ್ನೇ ಬೋಧಿಸುವ, ಸ್ವಾಯತ್ತವಲ್ಲದ ಸಂಯೋಜಿತ ಕಾಲೇಜುಗಳು ಎರಡನೆಯ ಶ್ರೇಣಿಗೆ ಸೇರುತ್ತವೆ. ಅವು ಉತ್ತಮ ರೀತಿಯಲ್ಲಿ ಮೌಲ್ಯಾಂಕನ ಪಡೆದರೂ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ.

ಕಾಲದ ಮಿತಿ ಇದಕ್ಕಿಂತಲೂ ಕಠಿನವಾದುದು. 2018ರಲ್ಲಿ ಕುವೈತ್, ವಿದೇಶೀ ಎಂಜಿನಿಯರುಗಳು ವಾಸದ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕಾದರೆ ಅಲ್ಲಿನ ಎಂಜಿನಿಯರುಗಳ ಸಂಘದಿಂದ ನಿರಾಕ್ಷೇಪಣಾ ಪತ್ರ ತರಬೇಕೆಂದು ವಿಧಿಸಿತು. ಭಾರತೀಯರ ವಿಷಯದಲ್ಲಿ ಆ ಸಂಘವು ಎನ್‌ಬಿಎ ಮೌಲ್ಯಾಂಕನವನ್ನೇ ಅಳತೆಗೋಲಾಗಿ ಹಿಡಿಯಿತು. ಭಾರತದಲ್ಲಿ ಮೌಲ್ಯಾಂಕನ ಕಡ್ಡಾಯವಾಗಿರಲಿಲ್ಲ. ಹೆಸರಾಂತ ಸಂಸ್ಥೆಗಳೂ ಎಲ್ಲ ವಿಭಾಗಗಳಿಗೆ ಅದನ್ನು ಕೋರಿರಲಿಲ್ಲ. 1985ರಲ್ಲಿ ಪದವಿ ಪಡೆದವನನ್ನಂತೂ ಅವನ ಓದಿನ ಕಾಲದಲ್ಲಿ ಹುಟ್ಟೇ ಇರದಿದ್ದ ಮಂಡಳಿಯ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದಂತಾಯಿತು. ದೀರ್ಘಕಾಲ ಅಲ್ಲಿ ದುಡಿದವರಿಗೂ ಹುದ್ದೆಯ ಹೆಸರನ್ನು ಬದಲಿಸಿಕೊಳ್ಳುವ ಇಲ್ಲವೇ ದೇಶಕ್ಕೆ ಮರಳುವ ಭೀತಿ ಎದುರಾಯಿತು. ಶಿಕ್ಷಣವನ್ನು ಅಳೆಯಲು ನಿರ್ಮಿಸಿದ ಸಾಧನವನ್ನು ವ್ಯಕ್ತಿಯನ್ನು ಅಳೆಯಲು, ಅದೂ ಹಿಂದಿನ ಕಾಲಕ್ಕೆ ಅನ್ವಯಿಸಿ ಬಳಸಿದ್ದೇ ಇಲ್ಲಿನ ದೋಷವೆಂದು ನನ್ನ ಅಭಿಪ್ರಾಯ. ಕುವೈತ್ ವಾಷಿಂಗ್ಟನ್ ಒಪ್ಪಂದದ ಸದಸ್ಯನಲ್ಲವೆಂಬುದೂ ಗಮನಾರ್ಹ.

ಆಸ್ಟ್ರೇಲಿಯದ ಕ್ರಮವನ್ನು ಇದರೊಂದಿಗೆ ಹೋಲಿಸಬಹುದು. ವಲಸೆಗಾಗಿ ಅರ್ಹತೆಯನ್ನು ಪರಿಶೀಲಿಸುವ ಎಂಜಿನಿಯರ್ಸ್ ಆಸ್ಟ್ರೇಲಿಯ ಸಂಸ್ಥೆಯು ಒಪ್ಪಂದದಡಿ ಬರುವ ಪದವಿಗಳನ್ನು ನೇರವಾಗಿ ಅಂಗೀಕರಿಸುತ್ತದೆ. ಆ ವ್ಯಾಪ್ತಿಗೆ ಬಾರದವರಿಗೂ ಬಾಗಿಲು ಮುಚ್ಚಿಲ್ಲ: ಅಭ್ಯರ್ಥಿಯು ತಾನು ಮಾಡಿದ ಕೆಲಸಗಳಿಂದ ಮೂರು ಪ್ರಸಂಗಗಳನ್ನು ಆಯ್ದು, ಅವುಗಳಲ್ಲಿ ತನ್ನ ಪಾತ್ರವೇನೆಂದು ವಿವರಿಸಿ ಸಾಮರ್ಥ್ಯವನ್ನು ರುಜುವಾತುಪಡಿಸಬಹುದು. ಅಮೆರಿಕದಲ್ಲಿ ಸ್ಥಿತಿ ಬೇರೆ. ಅಲ್ಲಿ ಒಪ್ಪಂದಕ್ಕೆ ಸಹಿ ಮಾಡಿರುವುದು ಅಬೆಟ್ ಎಂಬ ಮೌಲ್ಯಾಂಕನ ಸಂಸ್ಥೆ. ಪರವಾನಗಿ ಕೊಡುವವು ಆಯಾ ರಾಜ್ಯಗಳ ಮಂಡಳಿಗಳು, ಅವುಗಳಿಗೆ ಅಬೆಟ್‌ನ ಸಹಿ ಬಂಧಕವಲ್ಲ. ನಮ್ಮಲ್ಲಿಯಾದರೋ ವೈದ್ಯರಿಗೂ ವಕೀಲರಿಗೂ ಇರುವಂಥ ಶಾಸನಬದ್ಧ ರಾಷ್ಟ್ರೀಯ ನೋಂದಣಿ ಎಂಜಿನಿಯರುಗಳಿಗೆ ಇಲ್ಲ. ಆದಕಾರಣ ವಿದೇಶದಲ್ಲಿ ತೋರಿಸಲು ಅವರ ಕೈಯಲ್ಲಿರುವುದು ಪದವಿಪತ್ರವೊಂದೇ.

ಇಂಥ ಪರಿಶೀಲನೆಗಳಲ್ಲಿ ಪದವಿಪತ್ರದ ಜೊತೆಗೆ, ಓದಿದ ವರ್ಷದ ಪಠ್ಯವಿವರವನ್ನು ವಿಶ್ವವಿದ್ಯಾಲಯದಿಂದ ದೃಢೀಕರಿಸಿ ತರುವಂತೆ ಕೇಳುವುದುಂಟು. ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮೊದಲು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಮೈಸೂರು, ಬೆಂಗಳೂರು, ಕರ್ನಾಟಕ ಮುಂತಾದ ವಿಶ್ವವಿದ್ಯಾಲಯಗಳಿಗೆ ಸೇರಿದ್ದವು. ಆ ವರ್ಷಗಳ ಪಠ್ಯಸೂಚಿ ಪುಸ್ತಿಕೆಗಳನ್ನು ಬಳಕೆ ಮುಗಿದ ಕಾಗದವೆಂದು ಕಪಾಟಿನಿಂದ ತೆಗೆಯುವ ಮುನ್ನ ಗ್ರಂಥಾಲಯಗಳು ಈ ಅಗತ್ಯವನ್ನು ನೆನೆಯಬೇಕು.