ಸಮೀಕ್ಷೆಯಲ್ಲಿ ಸ್ತ್ರೀ-ಪುರುಷರ ಅಭಿಪ್ರಾಯ: ವ್ಯತ್ಯಾಸ ನಿಜವೇ, ಆಕಸ್ಮಿಕವೇ?

ಧರ್ಮಕೇಂದ್ರಗಳಲ್ಲಿ ಸಮೀಕ್ಷೆ ನಡೆದಾಗ "ಮಹಿಳೆಯರ ಒಲವು ಹೆಚ್ಚು, ಪುರುಷರದ್ದು ಕಡಿಮೆ" ಎಂಬ ಮಾತು ಬಲುಬೇಗ ವರದಿಗೆ ಸೇರುತ್ತದೆ. ಮುಂದಿನ ಕಾರ್ಯಕ್ರಮಗಳೂ ಅದನ್ನೇ ನಂಬಿ ರೂಪುಗೊಳ್ಳುತ್ತವೆ. ಆದರೆ ಉತ್ತರಿಸಿದವರು ಕೆಲವರು ಮಾತ್ರ. ಬೇರೆ ಕೆಲವರನ್ನು ಕೇಳಿದ್ದರೆ ಆ ಅಂತರ ಕಾಣದೆಯೂ ಇರಬಹುದಿತ್ತು. ಇದನ್ನು ಒರೆಗೆ ಹಚ್ಚುವ ವಿಧಾನವೇ ಕೈ-ಸ್ಕ್ವೇರ್ ಪರೀಕ್ಷೆ. ಇದನ್ನು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್ 1900ರಲ್ಲಿ ಪ್ರಕಟಿಸಿದರು.

ಸಂಖ್ಯಾಶಾಸ್ತ್ರದ ಪಾಠಗಳಲ್ಲಿ ಬರುವ ಒಂದು ಉದಾಹರಣೆ ನೋಡೋಣ. ಅಮೆರಿಕದ ಜನರಲ್ ಸೋಶಿಯಲ್ ಸರ್ವೆ 1998ರಲ್ಲಿ ಮರಣಾನಂತರದ ಜೀವನವನ್ನು ನಂಬುತ್ತೀರಾ ಎಂದು ಜನರನ್ನು ಕೇಳಿತ್ತು. 625 ಮಹಿಳೆಯರಲ್ಲಿ 509 ಮಂದಿ ಹೌದೆಂದರು. 116 ಮಂದಿ ಇಲ್ಲ ಅಥವಾ ಗೊತ್ತಿಲ್ಲ ಎಂದರು. 502 ಪುರುಷರಲ್ಲಿ ಹೌದೆಂದವರು 398, ಉಳಿದವರು 104. ಅಂದರೆ ಮಹಿಳೆಯರಲ್ಲಿ ಸುಮಾರು ಶೇ. 81, ಪುರುಷರಲ್ಲಿ ಶೇ. 79. ಹಾಗಾದರೆ ಮಹಿಳೆಯರ ನಂಬಿಕೆ ಹೆಚ್ಚೇ?

ಮೊದಲು ವ್ಯತ್ಯಾಸವೇ ಇಲ್ಲವೆಂದು ಭಾವಿಸಬೇಕು. ಒಟ್ಟು 1,127 ಜನರಲ್ಲಿ 907 ಮಂದಿ ಹೌದೆಂದಿದ್ದಾರೆ. ಅದೇ ಪ್ರಮಾಣದಲ್ಲಿ 625 ಮಹಿಳೆಯರಲ್ಲಿ ಸುಮಾರು 503 ಮಂದಿ ಹೌದೆನ್ನಬೇಕು. ಇದು ನಿರೀಕ್ಷಿತ ಸಂಖ್ಯೆ. ಉಳಿದ ಮೂರು ಮನೆಗಳ ನಿರೀಕ್ಷಿತ ಸಂಖ್ಯೆಗಳು 122, 404 ಮತ್ತು 98. ನಿಜವಾದ ಸಂಖ್ಯೆಗೂ ಇವುಗಳಿಗೂ ಎಲ್ಲೆಡೆ ಸುಮಾರು 6ರ ಅಂತರವಿದೆ. ಪ್ರತಿ ಅಂತರದ ವರ್ಗವನ್ನು, ಅಂದರೆ 36ನ್ನು, ಆಯಾ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ನಾಲ್ಕನ್ನೂ ಕೂಡಿಸಿದರೆ 0.82 ಬರುತ್ತದೆ.

ಇಂತಹ ನಾಲ್ಕು ಮನೆಗಳ ಕೋಷ್ಟಕಕ್ಕೆ ರೂಢಿಯಲ್ಲಿರುವ ಗಡಿ 3.84. ನಿಜವಾಗಿ ವ್ಯತ್ಯಾಸವಿಲ್ಲದಿದ್ದಾಗ ಮೊತ್ತವು ಇದನ್ನು ಮೀರುವ ಸಂಭವ ಶೇ. 5 ಮಾತ್ರ. 0.82 ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಮಹಿಳೆಯರೇ ಹೆಚ್ಚು ನಂಬುತ್ತಾರೆ ಎನ್ನಲು ಈ ಅಂಕಿಗಳು ಸಾಲವು. ಹಾಗೆಂದು ಇಬ್ಬರೂ ಸಮಾನವೆಂದು ಇದರಿಂದ ಸಾಬೀತಾಗುವುದೂ ಇಲ್ಲ.

ಸಮೀಕ್ಷೆ ನಡೆಸುವವರು ಗಮನಿಸಬೇಕಾದ ಅಂಶಗಳು:

- ಲೆಕ್ಕಕ್ಕೆ ಶೇಕಡಾವಾರು ಬೇಡ, ಜನರ ಸಂಖ್ಯೆಯೇ ಬೇಕು.
- ಯಾವುದೇ ಮನೆಯ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಫಲಿತಾಂಶವನ್ನು ನೆಚ್ಚಬಾರದು.
- ಒಬ್ಬರ ಉತ್ತರ ಇನ್ನೊಬ್ಬರದ್ದನ್ನು ಅವಲಂಬಿಸಿರಬಾರದು. ಪತಿಯೇ ಪತ್ನಿಯ ನಮೂನೆಯನ್ನೂ ತುಂಬಿದರೆ ಅದು ಆಕೆಯ ಅಭಿಪ್ರಾಯವಲ್ಲ. ಯಾವ ಪರೀಕ್ಷೆಯೂ ಅದನ್ನು ಸರಿಪಡಿಸಲಾರದು.

ಆದುದರಿಂದ ವಾಳೆಗಳಲ್ಲಿ ನಮೂನೆ ಹಂಚುವಾಗ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಕೊಟ್ಟು, ಪ್ರತ್ಯೇಕವಾಗಿಯೇ ಹಿಂಪಡೆಯುವುದು ಉತ್ತಮ.