ಅರ್ಬುದರೋಗಿಯ ಶುಶ್ರೂಷೆ

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳುಂಟೆಂದು ಚರಕಾಚಾರ್ಯರು ಹೇಳಿರುವರು. ಪರಿಚಾರಕನಲ್ಲಿ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವಗಳಿರಬೇಕೆಂಬುದು ಅವರ ಮತ. ಕ್ಯಾನ್ಸರ್ ರೋಗಿಯಿರುವ ಮನೆಗೆ ಈ ನಾಲ್ಕೂ ಅತ್ಯವಶ್ಯಕವಾದುವು.

ಮೊದಲು ಜ್ಞಾನ. ಕೀಮೋಥೆರಪಿಯ ಔಷಧವು ಶೀಘ್ರವಾಗಿ ವೃದ್ಧಿಹೊಂದುವ ಜೀವಕೋಶಗಳನ್ನು ನಾಶಮಾಡುವುದು. ಆದುದರಿಂದ ರೋಗದ ಕೋಶಗಳೊಡನೆ ಅಸ್ಥಿಮಜ್ಜೆ, ಬಾಯಿ, ಕರುಳುಗಳ ಕೋಶಗಳೂ ನಷ್ಟವಾಗುವುವು. ಸಾಮಾನ್ಯವಾಗಿ ಔಷಧ ಕೊಟ್ಟ 7ರಿಂದ 14 ದಿನಗಳೊಳಗೆ ರಕ್ತದ ಬಿಳಿಯ ಕಣಗಳು ಬಹಳ ಕುಗ್ಗುವುವು. ಆಗ 100.4 ಫ್ಯಾರನ್‌ಹೀಟ್ ಡಿಗ್ರಿ ಜ್ವರ ಕಂಡರೂ, ನಡುರಾತ್ರಿಯಾದರೂ, ಒಡನೆಯೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಕಷಾಯವನ್ನೋ ಜ್ವರದ ಮಾತ್ರೆಯನ್ನೋ ಕೊಟ್ಟು ಬೆಳಗಾಗಲೆಂದು ಕಾಯುವುದು ಪ್ರಾಣಾಪಾಯಕರ.

ಸಾಬೂನಿನಿಂದ ಕೈತೊಳೆದೇ ರೋಗಿಯನ್ನು ಮುಟ್ಟಬೇಕು. ನೆಗಡಿ ಕೆಮ್ಮುಗಳುಳ್ಳ ನೆಂಟರನ್ನು ವಿನಯದಿಂದಲೇ ಬಾಗಿಲಲ್ಲಿ ತಡೆಯಬೇಕು. ಔಷಧ ಕೊಟ್ಟ ಮೊದಲ 48 ಗಂಟೆಗಳಲ್ಲಿ ವಾಂತಿ, ಮಲಮೂತ್ರಗಳನ್ನು ರಬ್ಬರಿನ ಕೈಗವಸು ತೊಟ್ಟು ಶುಚಿಮಾಡುವುದು ಲೇಸು.

ಬಾಯಿ ಹುಣ್ಣಾದಾಗ ಉಪ್ಪುನೀರಿನಿಂದ ಮುಕ್ಕಳಿಸುವುದು ಹಿತ. ಖಾರ ಹುಳಿಗಳನ್ನು ಬಿಟ್ಟು, ಆರಿದ ಗಂಜಿ, ಮೆತ್ತನೆಯ ಬೇಳೆಯನ್ನಗಳನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು, ಬಲಾತ್ಕರಿಸಕೂಡದು.

ಕಡೆಯದು ಅನುರಾಗ. ಕ್ಯಾನ್ಸರ್ ಸ್ಪರ್ಶದಿಂದ ಹರಡುವ ವ್ಯಾಧಿಯಲ್ಲ. ಅಂಟೀತೆಂಬ ಭಯದಿಂದ ರೋಗಿಯನ್ನು ಮೂಲೆಗೆ ಸೇರಿಸುವುದು ಅಧರ್ಮ. ಹಾಗೆಯೇ ಹಗಲಿರುಳಿನ ಭಾರವನ್ನೆಲ್ಲ ಮನೆಯ ಒಬ್ಬ ಹೆಣ್ಣುಮಗಳ ಮೇಲೆ ಹೊರಿಸುವುದೂ ಧರ್ಮವಲ್ಲ. ಸರದಿಯಂತೆ ಎಲ್ಲರೂ ಎಚ್ಚರಿರಬೇಕು. ಪರಿಚಾರಕರು ಬಳಲಿ ಬಿದ್ದರೆ ಚಿಕಿತ್ಸೆಯ ಒಂದು ಪಾದವೇ ಮುರಿದಂತೆ.